ಹೊಸ ಬಣ್ಣಕ್ಕಾಗಿ ಅಡ್ಡ ನಿಂತಾಕೆ

ರಾಯಾಪುರದ ಗ್ಯಾರೇಜಿನಲ್ಲಿ ಕಾರುಗಳಿಗೆ ಪಾಲಿಶ್ ಮಾಡುವ ಹೆಂಗಸೊಬ್ಬರಿದ್ದರು. ಗೀರು ಬಿದ್ದೀತೆಂದು ಬಳೆ ತೆಗೆದಿಟ್ಟೇ ಬಟ್ಟೆ ಹಿಡಿಯುತ್ತಿದ್ದರು. ಯಾರೇ ಹತ್ತಿರ ಬಂದರೂ, "ಮುಟ್ಟಬ್ಯಾಡ್ರಿ, ಬಣ್ಣ ಇನ್ನೂ ಎಳೇದೈತಿ" ಎನ್ನುತ್ತಿದ್ದರು.

ನಾನು ಕಾರು ಪಾಲಿಶಿಗೆ ಒಯ್ದ ದಿನ, ಮದುಮಗನ ತಂದೆಯೊಬ್ಬರು ಆಗಷ್ಟೇ ಬಣ್ಣ ಹೊಡೆಸಿದ ತಮ್ಮ ಕಾರಿಗೆ ಟೇಪಿನಿಂದ ಹೂವು ಅಂಟಿಸಲು ಹೊರಟರು. ಆಕೆ ಅಡ್ಡ ನಿಂತರು.

"ಟೇಪ್ ಕಿತ್ತರ ಬಣ್ಣಾನೂ ಕಿತ್ತು ಬರತೈತ್ರಿ."

"ಕಾರು ನಂದೈತಿ, ಆಕಡೆ ಸರಿ," ಎಂದು ತಂದೆ ಗದರಿದರು.

"ಕಾರು ನಿಮ್ದರಿ. ಕೆಲಸ ನಂದು."

ಗ್ಯಾರೇಜಿನ ಮಾಲೀಕ ಬಂದು ದಾರಿ ಬಿಡಲು ಹೇಳಿದರೂ ಆಕೆ ಕದಲಲಿಲ್ಲ. ಕೊನೆಗೆ ತಂದೆಯ ಜತೆ ಬಂದಿದ್ದ ಮದುಮಗನೇ ನಕ್ಕು, "ಅಪ್ಪಾ, ಹೂವು ಬ್ಯಾಡ. ಹಿಂಗ ಛಲೋ ಕಾಣತೈತಿ," ಎಂದ.

ಕಾರು ಹೂವಿಲ್ಲದೆ ಮದುವೆಗೆ ಹೊರಟಿತು. ಬಿಟ್ಟುಹೋದ ಮಲ್ಲಿಗೆಯಲ್ಲಿ ಒಂದು ತುಂಡು ಮುಡಿದುಕೊಂಡು ಆಕೆ ನನ್ನ ಕಾರಿನತ್ತ ಬಂದರು.