ನೀರಿಗೆ ಹಾಕಿದ ಕಡಕ್ ರೊಟ್ಟಿ

ಕಡಕ್ ರೊಟ್ಟಿಗೆ ಒಂದೇ ಕೆಟ್ಟ ಗುಣ, ಕಡಿದರೆ ಮೂರು ಮನೆಗೆ ಕೇಳಿಸುತ್ತದೆ. ಕಾಲೇಜು ಮುಗಿಸಿ ಮೊದಲ ನೌಕರಿಗೆಂದು ಸಿಂಧನೂರಿನ ಕಡೆಯಿಂದ ಹುಬ್ಬಳ್ಳಿಗೆ ಬಂದು, ಉಣಕಲ್‌ನಲ್ಲಿ ಖೋಲಿ ಹಿಡಿಯುವವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ನನ್ನ ಖೋಲಿಗೂ ಮನೆ ಮಾಲಕಿಯ ಅಡುಗೆಮನೆಗೂ ನಡುವೆ ಒಂದು ತೆಳು ಗೋಡೆ. ಅವರು ಒಬ್ಬರೇ ಇದ್ದರು. ಮಗ ಪುಣೆಯಲ್ಲಿ ಕೆಲಸಕ್ಕಿದ್ದ. ಹಣೆ ತುಂಬ ವಿಭೂತಿ, ಮಾತು ಮಾತ್ರ ಖಾರ. ಮೊದಲ ದಿನವೇ ಹೇಳಿದರು: “ಹಿಂದಿನಾಕಿ ಬಾಡಿಗಿ ತಪ್ಪಿಸಿದ್ಲು, ಆಕಿ ಟ್ರಂಕು ಓಣ್ಯಾಗ ಇಟ್ಟೆ. ನಿನಗ ಪಗಾರ ಬರ್ತೈತಿಲ್ಲೋ? ಊಟಾ ಎಲ್ಲಿ?” ಪಗಾರ ಬರುತ್ತದೆ, ಊಟ ಖಾನಾವಳಿಯಲ್ಲಿ ಅಂದುಬಿಟ್ಟೆ. ನಿಜವೆಂದರೆ, ತಿಂಗಳ ನಡುವೆ ಸೇರಿದವರಿಗೆ ಪಗಾರ ಮುಂದಿನ ತಿಂಗಳ ಜೊತೆಗೇ ಎಂದು ಆಫೀಸಿನಲ್ಲಿ ಹೇಳಿದ್ದರು. ತಂದ ದುಡ್ಡೆಲ್ಲ ಡಿಪಾಜಿಟ್ಟಿಗೆ ಹೋಗಿತ್ತು. ಉಳಿದದ್ದು ಸಿಟಿ ಬಸ್ಸಿನ ಚಿಲ್ಲರೆ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು, ಶೇಂಗಾ ಚಟ್ನಿ.

ರೊಟ್ಟಿ ಕಡಿದ ಸದ್ದು ಗೋಡೆ ದಾಟಿದರೆ ನನ್ನ ಬಣ್ಣ ಬಯಲು. ಖಾನಾವಳಿಗೂ ಗತಿಯಿಲ್ಲದವಳು ಬಾಡಿಗೆ ಎಲ್ಲಿಂದ ಕೊಟ್ಟಾಳು? ಅದಕ್ಕೇ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಸದ್ದಿಲ್ಲದೆ ನುಂಗುತ್ತಿದ್ದೆ. ರೊಟ್ಟಿಯ ಮಾನವೇ ಹೋಯಿತು ಬಿಡಿ. ಆಚೆ ಪಾತ್ರೆ ಸಪ್ಪಳವಾದರೂ ತಟ್ಟೆ ಮುಚ್ಚಿಡುತ್ತಿದ್ದೆ. ಸಂಜೆ ಓಣಿಯ ತಿರುವಿಗೆ ಬಂದರೆ ಮೊದಲು ನೋಡುತ್ತಿದ್ದದ್ದು, ಬಾಗಿಲ ಮುಂದೆ ನನ್ನ ಟ್ರಂಕು ಬಂದು ಕೂತಿದೆಯೋ ಎಂದು. ಅವ್ವ ಫೋನ್ ಮಾಡಿದಾಗಲೂ ಅದೇ ಮಾತು ಹೇಳುತ್ತಿದ್ದೆ, ಖಾನಾವಳಿಯಲ್ಲಿ ಉಂಡೆ, ಊಟ ಛಲೋ ಇದೆ ಅಂತ.

ಬಾಡಿಗೆ ಕೊಡಬೇಕಾದ ದಿನ ಅವರೇ ಬಂದು ಬಾಗಿಲು ಬಡಿದರು. ತಟ್ಟೆ ಮುಚ್ಚಿಡಲೂ ಆಗಲಿಲ್ಲ. ಪಗಾರ ಆಗಿಲ್ಲ, ಮುಂದಿನ ತಿಂಗಳು ಎರಡೂ ಕೂಡಿಸಿ ಕೊಡುತ್ತೇನೆ ಎಂದು ತೊದಲಿದೆ. ಅವರು ನೀರಲ್ಲಿ ತೇಲುತ್ತಿದ್ದ ರೊಟ್ಟಿಯನ್ನೇ ನೋಡುತ್ತಿದ್ದರು.

“ಖಾನಾವಳ್ಯಾಗ ಉಣ್ತೇನಿ ಅಂದಿದ್ದಿ.”

“ಸುಳ್ಳ ಹೇಳಿದ್ನಿರಿ.”

“ನಿಮ್ಮವ್ವಗೂ ಹಿಂಗ ಹೇಳಾಕತ್ತೀಯೇನು?”

ಹೂಂ ಎಂದು ತಲೆಯಾಡಿಸಿ ಬೈಗುಳಕ್ಕೆ ಕಾದೆ. ಅವರು ಬಾಡಿಗೆಯ ಮಾತೇ ಎತ್ತದೆ ಸರಸರ ಹೊರಟುಹೋದರು. ನನ್ನ ಟ್ರಂಕು ಹೊರಗಿಡಿಸಲು ಯಾರನ್ನೋ ಕರೆಯಲು ಹೋದರೆಂದೇ ತಿಳಿದು, ಬಟ್ಟೆ ಮಡಚತೊಡಗಿದೆ.

ಅಷ್ಟರಲ್ಲಿ ಗೋಡೆಯಾಚೆ ಅವರ ದನಿ ಕೇಳಿಸಿತು. ಮಗನಿಗೆ ಫೋನ್ ಹಚ್ಚಿದ್ದರು. ಅಂಥ ಗಟ್ಟಿ ಹೆಂಗಸಿನ ದನಿ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.

“ಖಾನಾವಳಿ ಅನಬ್ಯಾಡ. ಖರೇ ಹೇಳು, ಇವತ್ತ ಏನ್ ತಿಂದಿ?”