ಊರಿನ ಗುಡ್ಡವನ್ನು ಅರೆದವಳು

ಪ್ಲಾಸಿದಾ ಕಲ್ಲು ಅರೆಯುವವಳು. ಬಗಿಯೊ ಪೇಟೆಯ ಕೆಳಗೆ, ಗಣಿ ಕಂಪನಿಗಳಿಗೆ ಕಲ್ಲು ಪರೀಕ್ಷೆ ಮಾಡಿಕೊಡುವ ಲ್ಯಾಬಿನ ಹಿಂದಿನ ಶೆಡ್ಡಿನಲ್ಲಿ ಅವಳ ಕೆಲಸ. ಚೀಲದಲ್ಲಿ ಬಂದ ಕಲ್ಲನ್ನು ಒಣಗಿಸಿ, ಯಂತ್ರಕ್ಕೆ ಕೊಟ್ಟು ಜಲ್ಲಿ ಮಾಡಿ, ಅದರಲ್ಲೊಂದು ಪಾಲನ್ನು ಉಕ್ಕಿನ ಬೋಗುಣಿಯಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆಯಬೇಕು. ಒಂದು ಕಲ್ಲು ಮುಗಿದೊಡನೆ ಬೋಗುಣಿಯಲ್ಲಿ ಬಿಳಿ ಮರಳು ಅರೆದು ಚೆಲ್ಲಬೇಕು. ಇಲ್ಲದಿದ್ದರೆ ಹಿಂದಿನ ಕಲ್ಲಿನ ಚಿನ್ನ ಮುಂದಿನದಕ್ಕೆ ಅಂಟುತ್ತದೆ. ಪಕ್ಕದ ಯಂತ್ರ ನನ್ನದು. ನಾವೆಲ್ಲ ಅವಳನ್ನು ಮನಾಂಗ್, ಅಂದರೆ ಅಕ್ಕ, ಎನ್ನುತ್ತಿದ್ದೆವು.

ಆ ಮಳೆಗಾಲದಲ್ಲಿ ಚೀಲಗಳು ಬಾಗಿಲವರೆಗೂ ರಾಶಿ ಬಿದ್ದವು. ಮೇಲ್ವಿಚಾರಕ ರೊಹೆಲಿಯೊ ಬಂದು, "ಪ್ರತಿ ಸಲ ಮರಳು ಯಾಕಮ್ಮಾ? ಬಟ್ಟೇಲಿ ಒರೆಸಿ, ಸಾಕು," ಎಂದ.

"ಆಗಲ್ಲ ಸರ್."

"ಆಗಲ್ಲ ಅನ್ನೋರು ಮನೇಲಿರಬಹುದು."

ಪ್ಲಾಸಿದಾ ವಿಧವೆ; ಮಗಳು ನರ್ಸಿಂಗ್ ಓದುತ್ತಿದ್ದಳು. ಬಾಯಿ ಮುಚ್ಚಿಕೊಂಡು ಒರೆಸಿದಳು.

ಅದೇ ವಾರ ಅವಳ ತಮ್ಮ ಕ್ಲಾರೋ ಲಾರಿಯಲ್ಲಿ ಒಂದು ಗಣಿ ಕಂಪನಿಯ ಚೀಲಗಳನ್ನು ತಂದಿಳಿಸಿದ. ಅವರ ಊರಿನ ಗುಡ್ಡದ ಕಲ್ಲು. ಅದಕ್ಕೆ ಮೊದಲು ಅವಳು ಅರೆದದ್ದು ಬರಿಗಣ್ಣಿಗೇ ಚಿನ್ನ ಕಾಣುವಂಥ ಕಲ್ಲು; ನಡುವೆ ಬೋಗುಣಿಯನ್ನು ಬಟ್ಟೆಯಲ್ಲಿ ಒರೆಸಿದ್ದಷ್ಟೇ.

ಫಲಿತಾಂಶ ಬಂದಾಗ ಕ್ಲಾರೋ ಕುಣಿಯುತ್ತ ಬಂದ. "ಮನಾಂಗ್, ನಮ್ ಗುಡ್ಡದಲ್ಲಿ ಚಿನ್ನ!"

ಅವಳ ಮುಖ ಕಪ್ಪಿಟ್ಟಿತು. ನೇರ ರೊಹೆಲಿಯೊ ಹತ್ತಿರ ಹೋದಳು. "ಉಳಿದ ಜಲ್ಲಿ ಇದೆ ಸರ್. ಇನ್ನೊಂದ್ಸಲ ಅರೀತೀನಿ."

"ಕಂಪನಿಯೋರು ಖುಷಿಯಾಗಿದಾರೆ. ಖುಷೀನ ಯಾರಾದ್ರೂ ಎರಡು ಸಲ ಪರೀಕ್ಷೆ ಮಾಡ್ತಾರಾ?"

ಮರುದಿನ ಆ ಜಲ್ಲಿ ಕಸದ ಲಾರಿ ಸೇರಿತು.

ಗುಡ್ಡ ಅಗೆಯಲು ಒಪ್ಪಿಗೆ ಕೊಡಲು ಊರು ಸೇರಿತು. ಕಂಪನಿ ಕೊಡಿಸಿದ ಹಂದಿ ಬೇಯುತ್ತಿತ್ತು. ಪ್ಲಾಸಿದಾ ಹಿರಿಯರೆದುರು ಎದ್ದು ನಿಂತಳು. "ಆ ಚಿನ್ನ ಗುಡ್ಡದ್ದಲ್ಲ. ನನ್ನ ಬೋಗುಣೀದು."

"ಹಂಗಾದ್ರೆ ಬೋಗುಣೀನೇ ಊರಿಗೆ ತಗೊಂಬಾ!" ಎಂದರು ಯಾರೋ. ಎಲ್ಲರೂ ನಕ್ಕರು.

ಕ್ಲಾರೋ ನಗಲಿಲ್ಲ. "ನಿಂಗೆ ತಿಂಗಳು ತಿಂಗಳು ಸಂಬಳ ಬರುತ್ತೆ. ನಮ್ಗೂ ನಾಲ್ಕು ಕಾಸು ಬಂದ್ರೆ ಹೊಟ್ಟೆ ಉರಿಯುತ್ತಾ ಮನಾಂಗ್?"

ಅವಳು ಕೂತುಬಿಟ್ಟಳು.

ಮೆಟ್ಟಿಲು ಗದ್ದೆಗಳನ್ನು ಸೀಳಿ ರಸ್ತೆ ಮಾಡಿದರು. ಗುಡ್ಡದ ತುಂಬ ಕೊರೆದರು. ಚಿನ್ನ ಸಿಗಲಿಲ್ಲ, ಊರಿನ ಒರತೆ ಮಾತ್ರ ಇಂಗಿಹೋಯಿತು. ಕಂಪನಿ ಯಂತ್ರಗಳನ್ನು ಕಟ್ಟಿಕೊಂಡು ಹೊರಟಿತು. ನೀರಿಲ್ಲದ ಗದ್ದೆಗಳು ಬಿರುಕುಬಿಟ್ಟವು.

ಕ್ಲಾರೋ ಈಗ ಬಗಿಯೊ ಮಾರುಕಟ್ಟೆಯಲ್ಲಿ ಎಲೆಕೋಸು ಹೊರುತ್ತಾನೆ. ಒಮ್ಮೆ ಪ್ಲಾಸಿದಾ ಅವನಿಗೆ ಅನ್ನ, ಒಣಮೀನು ಕಟ್ಟಿಕೊಂಡು ಹೋದಳು. ನಾನೂ ಜೊತೆಗಿದ್ದೆ. ಅವನು ಬುಟ್ಟಿ ಇಳಿಸದೆಯೇ ಮಾತಾಡಿದ.

"ಜಗಳ ಆಡೋದಿದ್ರೆ ಲ್ಯಾಬಲ್ಲೇ ಆಡಬೇಕಿತ್ತು. ಅಲ್ಲಿ ಬಾಯಿ ಮುಚ್ಕೊಂಡಿದ್ದು, ಊರಿಗೆ ಬಂದು ಬಾಯಿ ಬಿಟ್ಟೆ."

"ಹೇಳಿದ್ನಲ್ಲೋ..."

"ಹೇಳಿದೆ. ಅರೆದ ಮೇಲೆ."

ಬುತ್ತಿಯನ್ನು ಮುಟ್ಟದೆ ಅವನು ಜನರ ನಡುವೆ ಸೇರಿಹೋದ. ಅವಳು ಅದನ್ನು ಅಲ್ಲೇ ಕೂತಿದ್ದ ಒಬ್ಬ ಮುದುಕನಿಗೆ ಕೊಟ್ಟಳು. ಅಷ್ಟರಲ್ಲಿ ಎರಡನೇ ಪಾಳಿಗೆ ಹೊತ್ತಾಗಿತ್ತು. ರೊಹೆಲಿಯೊ ಆಗ ಇಡೀ ಲ್ಯಾಬಿಗೇ ಮುಖ್ಯಸ್ಥನಾಗಿದ್ದ; ತಡವಾದರೆ ಒಳಗೆ ಬಿಡುತ್ತಿರಲಿಲ್ಲ.