ಬಗ್ಗಿದವರನ್ನು ಕಾಣದ ಡ್ರೋನ್

ದೇವಮ್ಮಕ್ಕ, ನಿನ್ನ ಬಲಗಣ್ಣು ಮಂಜಾದದ್ದು ನಿನ್ನ ತಪ್ಪಿನಿಂದಲ್ಲ, ನನ್ನ ಸುಳ್ಳಿನಿಂದ. ಎರಡು ವರ್ಷದಿಂದ ಇದನ್ನು ನುಂಗಿಕೊಂಡು ನಿನ್ನ ಮನೆ ಮುಂದೆಯೇ ಓಡಾಡಿದ್ದೇನೆ — ನೀನು ಕರೆದು ಕೊಟ್ಟ ಕಾಫಿಯನ್ನೂ ಕುಡಿದಿದ್ದೇನೆ. ನಿನಗೆ ಓದಲು ಬಾರದು, ನನಗೆ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅದಕ್ಕೇ ಬರೆದುಕೊಳ್ಳುತ್ತಿದ್ದೇನೆ, ನಾನೇ ಬಂದು ಓದುತ್ತೇನೆ.

ಭತ್ತಕ್ಕೆ ಔಷಧಿ ಹೊಡೆಯುವ ಆ ಡ್ರೋನ್ ನಮ್ಮ ಮಾಂಬಳ್ಳಿಗೆ ಬಂದಾಗ ಅದನ್ನು ಪರೀಕ್ಷಿಸುವ ಕೆಲಸ ನನಗೆ ಸಿಕ್ಕಿತ್ತು. ಯಾರೂ ನಡೆಸಬೇಕಿಲ್ಲ, ತಾನೇ ಏಳುತ್ತದೆ, ತಾನೇ ಹೊಡೆಯುತ್ತದೆ, ಕೆಳಗೆ ಮನುಷ್ಯರು ಕಂಡರೆ ತಾನೇ ನಿಲ್ಲುತ್ತದೆ — ನಿಲ್ಲಬೇಕು. ಕಂಪನಿಯವರು ಕೊಟ್ಟ ಹಾಳೆಯಲ್ಲಿ ಎರಡು ಸಾಲು: ನಿಂತವರ ಮೇಲೆ ಹತ್ತು ಸಲ, ಬಗ್ಗಿದವರ ಮೇಲೆ ಹತ್ತು ಸಲ ಹಾರಿಸಿ ನೋಡು ಎಂದು. ಟ್ಯಾಂಕಿಗೆ ಬರೀ ನೀರು ತುಂಬಿ ಶುರು ಮಾಡಿದೆ. ನಾನು ನೆಟ್ಟಗೆ ನಿಂತಾಗ ಹತ್ತು ಸಲವೂ ತಡೆದು ನಿಂತಿತು. ಎಂಥ ಹೆಮ್ಮೆ ನನಗೆ! ಆಮೇಲೆ ಕಳೆ ಕೀಳುವವನ ಹಾಗೆ ಬಗ್ಗಿದೆ. ಅದು ನಿಲ್ಲದೆ ನನ್ನ ಬೆನ್ನು ತೋಯಿಸಿಕೊಂಡು ಹೋಯಿತು. ಇನ್ನೊಮ್ಮೆ ಬಗ್ಗಿದೆ — ಮತ್ತೆ ಹೋಯಿತು.

ಆಗಲೇ ಕಂಪನಿಗೆ ಫೋನ್ ಮಾಡಿ ಹೇಳಬೇಕಿತ್ತು. ಹೇಳಿದರೆ ಯಂತ್ರವನ್ನು ವಾಪಸ್ ಒಯ್ಯುತ್ತಾರೆ, ಊರೆಲ್ಲ 'ಡ್ರೋನ್ ಸಿದ್ದರಾಜು' ಅನ್ನುತ್ತಿದ್ದದ್ದು ನಿಲ್ಲುತ್ತದೆ, ನಾನು ಮತ್ತೆ ಬರೀ ಸಿದ್ದರಾಜು... ಬದುವಿನ ಮೇಲೆ ಕುಳಿತು ಎರಡನೇ ಸಾಲಿಗೂ ಹತ್ತು ಸಲ 'ನಿಂತಿತು' ಎಂದು ಬರೆದೆ. ನಮ್ಮ ಗದ್ದೆಗಳಲ್ಲಿ ನೆಟ್ಟಗೆ ನಿಂತು ಕೆಲಸ ಮಾಡುವವರು ಯಾರಿದ್ದಾರೆ? ಗೊತ್ತಿದ್ದೇ ಬರೆದೆ.

ತಿಂಗಳೂ ಆಗಿರಲಿಲ್ಲ. ನೀನು ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆ. ಡ್ರೋನ್ ತಿರುಗಿಕೊಳ್ಳುತ್ತಾ ನಿನ್ನ ಮೇಲೆಯೇ ಬಂತು. ಸದ್ದಿಗೆ ನೀನು ಮುಖವೆತ್ತಿದೆ — ಅಂದು ಟ್ಯಾಂಕಿನಲ್ಲಿದ್ದದ್ದು ನೀರಲ್ಲ. ನಾನು ಓಡಿಬಂದು ನಿನ್ನ ಕಣ್ಣಿಗೆ ನೀರು ಸುರಿಯುವಾಗ ನೀನು ಕೇಳಿದೆ: "ಅದುಕ್ಕೆ ನಾನು ಕಾಣ್ನಿಲ್ವಾ ಸಿದ್ರಾಜು?"

ನಾನು ಹೇಳಿದ್ದು ಇಷ್ಟು: "ನೀನ್ಯಾಕಕ್ಕ ಬಗ್ಗಿದ್ದೆ? ನೆಟ್ಗೆ ನಿಂತಿದ್ರೆ ಅದು ನಿಂತ್ಕತಿತ್ತು."

ಅದನ್ನು ನೀನು ನಂಬಿಬಿಟ್ಟೆ. ಕೊಳ್ಳೇಗಾಲದಲ್ಲಿ ಡಾಕ್ಟರು ಕೇಳಿದಾಗಲೂ ನೀನು, "ನಂದೇ ತೆಪ್ಪು ಕಣ್ ಸಾ, ಬಗ್ಗಿಬುಟ್ಟಿದ್ದೆ" ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಈಗ ಆ ಸದ್ದು ಕೇಳಿದರೆ ಸಾಕು, "ಏಳ್ರವ್ವಾ, ಎದ್ ನಿಂತ್ಕಳಿ, ಬತ್ತಾದೆ" ಎಂದು ನೀನು ಕೂಗುತ್ತೀಯ. ಹೆಂಗಸರೆಲ್ಲ ಕೆಲಸ ಬಿಟ್ಟು ನೆಟ್ಟಗಾಗುತ್ತಾರೆ. ಅದೂ ನಿಲ್ಲುತ್ತದೆ. ಆಮೇಲೆ ಒಂದು ದೂರೂ ಇಲ್ಲ, ಯಂತ್ರ ಒಳ್ಳೆಯದೆಂದು ಹೆಸರಾಯಿತು. ಮೊನ್ನೆ ಕಂಪನಿಯಿಂದ ಫೋನ್ ಬಂತು — ಅಂಥವೇ ಇನ್ನಷ್ಟು ಡ್ರೋನ್‌ಗಳು ಹನೂರಿನ ಕಡೆಗೂ ಹೋಗುತ್ತವಂತೆ, ನನ್ನ ಹಾಳೆಯನ್ನು ನಂಬಿ. ಮಾರ್ಟಳ್ಳಿಯ ಜೋಳದ ಹೊಲಗಳಲ್ಲಿ ಕೂಗಲು ನೀನಿಲ್ಲ.

ಕಂಪನಿಗೆ ನಿಜ ಬರೆದು ಕಳಿಸಿದೆ: ಬಗ್ಗಿ ನೋಡಿದ್ದು ಎರಡೇ ಸಲ, ಎರಡು ಸಲವೂ ನಿಲ್ಲಲಿಲ್ಲ, ಮಿಕ್ಕದ್ದು ಸುಳ್ಳು, ಒಂದನ್ನೂ ಹಾರಿಸಬೇಡಿ. ಉತ್ತರ ಬಂದಿಲ್ಲ. ನಮ್ಮೂರಿನದರ ಬ್ಯಾಟರಿಗಳನ್ನು ಬಿಚ್ಚಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ನಾಳೆ ಬೆಳಿಗ್ಗೆ ಗದ್ದೆಗೆ ಬಂದು ಎಲ್ಲರೆದುರು ಇದನ್ನು ಓದುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. 'ನಂದೇ ತೆಪ್ಪು' ಎಂದು ನೀನು ಡಾಕ್ಟರಿಗೆ ಹೇಳಿದ ಆ ಮಾತನ್ನು ಇನ್ನು ಯಾರಿಗೂ ಹೇಳಬೇಡ, ಅಕ್ಕ. ಕಳೆ ಕೀಳುವವರು ಬಗ್ಗಲೇಬೇಕು.